ಕಂಪ್ಯೂಟರ್‌ಗೆ ಅಳತೆ ಕೊಡೋ ಸೊಸೆ

ನಮ್ಮ ಮಂಡ್ಯದ ಗುತ್ತಲು ಬೀದೀಲಿ ಟಿವಿ ಕೆಟ್ಟೋದ್ರೆ ಯಾರೂ ರಿಪೇರಿಗೆ ಆತುರ ಪಡಾಕಿಲ್ಲ. ಒಂದಲ್ಲ ಒಂದು ಮನೇಲಿ ಏನಾರ ನಡೀತಾನೇ ಇರ್ತದೆ. ಅದ್ರಲ್ಲೂ ನನ್ನ ಒಲಿಗೆ ಮಿಷಿನ್ನು ಇರೋ ಜಾಗ ಎಂಗದೆ ಅಂದ್ರೆ, ಪಕ್ಕದ ಮನೆ ಕಿಟ್ಕಿ ತೆಗುದ್ರೆ ಅವುರ ಮಾತೆಲ್ಲ ನನ್ನ ತೊಡೆ ಮೇಲೇ ಬಂದು ಬೀಳ್ತವೆ. ನಾನು ಕದ್ದು ಕೇಳೋಳಲ್ಲ. ಅವುರೇ ಜೋರಾಗಿ ಮಾತಾಡದು.

ಆ ಮನೆಗೆ ಒಸದಾಗಿ ಒಬ್ಳು ಸೊಸೆ ಬಂದವ್ಳೆ. ಮಳವಳ್ಳಿ ಕಡೆ ಎಣ್ಣು, ಇಂಜಿನೇರಿಂಗ್ ಓದವ್ಳೆ. ಮದ್ದೂರಿನ ತಾವ ಒಂದು ಕಾಸಗಿ ಆಲಿನ ಕಂಪ್ನಿ ಅದೆ, ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಆಲು ಎತ್ತದು ಅವುರೇ. ಅಲ್ಲಿ ಇವಳ್ಗೆ ಕೆಲ್ಸ. ಕೆಲ್ಸ ಅಂದ್ರೆ ಓಗಂಗಿಲ್ಲ, ಬರಂಗಿಲ್ಲ, ಮನೇಲೇ ಕಿಟ್ಕಿ ಪಕ್ಕ ಲ್ಯಾಪ್‌ಟಾಪ್ ಮಡಿಕ್ಕಂಡು ಕೂರದು. ಇನ್ನೂ ಕಾಯಂ ಆಗಿಲ್ಲ. ಅವುಳ ಅತ್ತೆ ಸುರೂನಲ್ಲೇ ಯೋಳ್ಬುಟ್ಟವ್ಳೆ: ಕಾಯಂ ಆದ್ರೆ ಸರಿ, ಕಂಪ್ನಿಯೋರು ಬ್ಯಾಡ ಅಂದ್ರೆ ಸುಮ್ಕೆ ಬಂದು ನಮ್ಮ ರಾಗಿ ಮಿಲ್ಲಲ್ಲಿ ಕೂತ್ಕೊ. ಆ ಎಣ್ಣಿಗೆ ಮಿಲ್ಲು ಅಂದ್ರೆ ಆಗಾಕಿಲ್ಲ. ಇಟ್ಟಿನ ದೂಳಿಗೆ ಸೀನಿ ಸೀನಿ ಮೂಗು ಟೊಮೊಟೊ ಆಯ್ತದೆ. ಇವ್ಳು ಕೆಲ್ಸ ಉಳಿಸ್ಕಳಕ್ಕೆ ಒದ್ದಾಡ್ತಾವ್ಳೆ, ಅತ್ತೆ ಆ ಕೆಲ್ಸ ಓಗೋ ಗಳಿಗೆ ಕಾಯ್ತಾವ್ಳೆ. ಮದ್ಯೆ ನಾನು ಬ್ಲೌಸು ಒಲೀತಾ ಕುಂತಿವ್ನಿ.

ಅಳತೆ

ಮೊದ್ಲು ನಂಗೂ ತಿಳೀನಿಲ್ಲ, ಇವ್ಳು ಮಾಡದೇನು ಅಂತ. ಒಂದ್ಸಲ ಸೀರೆಗೆ ಫಾಲ್ಸ್ ಆಕ್ಸಕ್ಕೆ ಬಂದಾಗ ಕೇಳೇಬುಟ್ಟೆ. ಪಾಪ, ಬುಡಿಸಿ ಯೋಳುದ್ಲು. ಮದ್ದೂರಲ್ಲಿ ಏಸಿ ರೂಮಲ್ಲಿ ಕಂಪ್ಯೂಟ್ರು ಸಾಲಾಗಿ ಮಡಗವ್ರಂತೆ. ಅವುಕ್ಕೆಲ್ಲ ಒಂದು ಮೇಸ್ತ್ರಿ ಅದಂತೆ. ಮನ್ಸ ಅಲ್ಲ, ಅದೂ ಕಂಪ್ಯೂಟ್ರೊಳ್ಗೇ ಇರೋದು. ನಮ್ಮ ಕಡೆ ಮೇಸ್ತ್ರಿ ಆಳುಗಳ ಕರ್ಕಂಡೋಗಿ, ನೀನು ಈ ಗದ್ದೆ ನಾಟಿಗೆ, ನೀನು ಆ ಕಬ್ಬು ಕಡಿಯಕ್ಕೆ ಅಂತ ಕೆಲ್ಸ ಅಂಚಲ್ವಾ, ಅಂಗೆ ಯಾವ ಕಂಪ್ಯೂಟ್ರು ಯಾವ ಕೆಲ್ಸ ಮಾಡ್ಬೇಕು ಅಂತ ಅದು ಅಂಚ್ತದಂತೆ. ಕೆಲ್ಸ ಎಲ್ಲಾ ಊರಿಗೂ ಒಂದೇ, ಆಲು ಆಕೋರಿಗೆ ಮೆಸೇಜು ಕಳ್ಸದು. ಆದ್ರೆ ಮಳವಳ್ಳಿಗೆ ಗಾಡಿ ಎಷ್ಟೊತ್ತಿಗೆ, ಮಂಡ್ಯಕ್ಕೆ ಯಾರ ಎಸ್ರು ಆಕ್ಬೇಕು, ಇವೆಲ್ಲ ಬ್ಯಾರೆ ಬ್ಯಾರೆ. ಅವನ್ನ ಕೆಲ್ಸದೊಳ್ಗೆ ಬರ್ಯಾಕಿಲ್ಲ, ಕೆಲ್ಸ ಸುರು ಆಗೋವಾಗ ಒರಗಿಂದ ಕೊಡ್ತಾರೆ. ಅದ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ಲು ಅಂತ ಎಸ್ರು.

"ಅಂದ್ರೆ ಒಲಿಯಕ್ಕೆ ಬರೋರು ಅಳತೆ ಬ್ಲೌಸು ತಂದು ಕೊಡ್ತಾರಲ್ಲ, ಅಂಗೆ," ಅಂದೆ.

"ಅದೇ ಕಣಕ್ಕ, ಅಷ್ಟೇಯ," ಅಂದ್ಲು. ಕಾಲೇಜಲ್ಲಿ ಇಷ್ಟು ಬೇಗ ಯಾರೂ ಯೋಳ್ಕೊಡ್ನಿಲ್ವಂತೆ.

ಅಂಗಾರೆ ನಾನು ಇಷ್ಟು ವರ್ಸದಿಂದ ಮಾಡ್ತಿರದೂ ಅದೇ ಕೆಲ್ಸ. ಏಸಿ ಇಲ್ಲ ಅಷ್ಟೆ. ನನ್ನನ್ನೂ ಯಾರೂ ಕಾಯಂ ಮಾಡ್ನಿಲ್ಲ.

ಸುರು ಆದ್ಮೇಲೆ ಮುಗೀತು

ಮದ್ದೂರು ಆಪೀಸಲ್ಲಿ ಒಬ್ಬ ಮ್ಯಾನೇಜ್ರು ಅವ್ನೆ. ಕೆಲ್ಸ ಗೊತ್ತಿಲ್ಲ, ಕ್ವಾಪ ಗೊತ್ತು. ಅವ್ನು ಮಳವಳ್ಳಿ ಕಡೆ ಗಾಡಿ ಟೈಮು ವಸಿ ಮುಂದಕ್ಕಾಕಿ, ಕಂಪ್ಯೂಟರ್ನಲ್ಲಿ ಒಸ ಟೈಮು ಬರ್ದು, ಆಯ್ತು ಅಂದ್ಕಂಡು ಕಾಪಿ ಕುಡ್ಯಕ್ಕೆ ಒಂಟೋದ. ಒತ್ತಾರೆ ನೋಡುದ್ರೆ ಅಳೇ ಟೈಮಿಗೇ ಮೆಸೇಜು ಓಗದೆ. ಜನ ಎಲ್ಲ ಕ್ಯಾನು ತಕಂಡು ರೋಡ್ನಾಗೆ ನಿಂತವ್ರೆ, ಗಾಡಿ ಇಲ್ಲ, ಬಿಸ್ಲು ಏರ್ತಾ ಅದೆ, ಆಲು ಒಡೀತಾ ಅದೆ.

ಮ್ಯಾನೇಜ್ರು ಇವಳ್ಗೆ ಪೋನ್ ಮಾಡಿ ಎಗರಾಡ್ದ. ಮೊರದಲ್ಲಿ ರಾಗಿ ಕೇರ್ತಿದ್ದ ಅತ್ತೆ ಕೈ ನಿಲ್ಸಿ ಕಿವಿ ಕೊಟ್ಲು. ಕೆಲ್ಸ ಓಯ್ತು ಅಂತ ಮೊಕದಲ್ಲಿ ಒಂದು ಕಳೆ.

ಸೊಸೆ ಮೆಲ್ಲಗೆ ಯೋಳುದ್ಲು, ನಡೀತಿರೋ ಕೆಲ್ಸಕ್ಕೆ ಒಸ ಟೈಮು ಗೊತ್ತಾಗಾಕಿಲ್ಲ ಸಾರ್, ಸುರು ಆದಾಗ ಏನು ಕೊಟ್ಟಿದ್ರೋ ಅದನ್ನೇ ಇಡ್ಕಂಡಿರ್ತದೆ, ಅದನ್ನ ನಿಲ್ಸಿ ಮತ್ತೆ ಸುರು ಮಾಡ್ಬೇಕು ಅಂತ. ಬಟ್ಟೆ ಕತ್ತರ್ಸಿ ಆದ್ಮೇಲೆ ಒಸ ಅಳತೆ ತಂದ್ರೆ ಬ್ಲೌಸಿಗೆ ಎಂಗೆ ಗೊತ್ತಾದದು? ಮ್ಯಾನೇಜ್ರು ನಿಲ್ಸಿ ಸುರು ಮಾಡ್ದ, ಸರಿ ಓಯ್ತು. ಸಾರಿ ಕೇಳ್ನಿಲ್ಲ. ಅದು ಅವ್ನಿಗೆ ಸುರೂನಲ್ಲೇ ಕೊಟ್ಟಿಲ್ಲ.

ಅತ್ತೆಗೆ ಬೇಜಾರು. ಮೊರ ತಕಂಡು ಬಂದು ನನ್ನ ಜಗಲಿ ಮೇಲೆ ಕುಂತ್ಲು. "ನಮ್ಮನೆಯೋರೂ ಅಂಗೇ ಕಣಮ್ಮಿ," ಅಂದ್ಲು. "ಮದ್ವೆಗೆ ಮುಂಚೆ ಅವುರವ್ವ ಏನ್ ತುಂಬುದ್ಲೋ ಅದ್ರಲ್ಲೇ ಓಡ್ತಾವ್ರೆ. ನಾನು ಯೋಳಿದ್ದೊಂದೂ ಒಳಿಕ್ಕೆ ಓಗಿಲ್ಲ."

ಒಂದ್ಸಲ ನಿಲ್ಸಿ ಸುರು ಮಾಡಿ ನೋಡಕ್ಕ ಅಂದೆ.

ಮೊರದಲ್ಲಿದ್ದ ಒಂದು ಕಲ್ಲು ಆರ್ಸಿ ಆಚೆಗೆ ಎಸುದ್ಲು. "ನಿಲ್ಸಬೋದು. ಮತ್ತೆ ಸುರು ಆಗ್ದೆ ಇದ್ರೆ ಮಿಲ್ಲು ಯಾರು ನೋಡ್ಕತಾರೆ?"

ಕಾಲಿ ಬುಟ್ಟ ಜಾಗ

ಇದು ಎದುರು ಮನೆ ಕತೆ. ಆ ಮನೆ ಯಜಮಾನ ಎಮ್ಮೆ ಸಾಕವ್ನೆ, ಅದೇ ಕಂಪ್ನಿಗೆ ಆಲು ಆಕ್ತಾನೆ. ಗಾಡಿ ಬರ್ದೆ ಇರೋ ದಿನ ಕಂಪ್ನಿಯಿಂದ ಒಂದು ಮೆಸೇಜು ಬತ್ತದೆ: ಪ್ರೀತಿಯ ಇಂತೋರೇ, ಇವತ್ತು ಸಂಜೆ ಆಲಿನ ಗಾಡಿ ಬರಲ್ಲ, ಬೇಜಾರಾಗಬೇಡಿ. ಇಂತೋರು ಅನ್ನೋ ಜಾಗಕ್ಕೆ ಎಸ್ರು, ಇನ್ನೊಂದು ಜಾಗಕ್ಕೆ ಆಲಿನ ಗಾಡಿ ಅನ್ನೋದು, ಎಲ್ಡೂ ಒರಗಿಂದ ಕೊಡ್ಬೇಕು. ಮ್ಯಾನೇಜ್ರು ಒಂದಿನ ಕೂತ್ಕಂಡು, ಒರಗಿಂದ ಕೊಡೋ ಪಟ್ಟಿ ಯಾಕೆ ಇಷ್ಟುದ್ದ ಅಂತ ಅವೆಲ್ಡನ್ನೂ ಅಳಿಸಿ ಕ್ಲೀನು ಮಾಡ್ಬುಟ್ಟ. ಕೊಡ್ದೆ ಇರೋ ಜಾಗನೆಲ್ಲ ಕಂಪ್ಯೂಟ್ರು ಕಾಲಿ ಬುಡ್ತು.

ಆ ಸಂಜೆ ಎದುರು ಮನೆಯೋನ ಪೋನು ಅವ್ನ ಎಂಡ್ತಿ ಕೈಲಿತ್ತು. ಮೆಸೇಜು ಬಂತು: "ಪ್ರೀತಿಯ, ಇವತ್ತು ಸಂಜೆ ಬರಲ್ಲ, ಬೇಜಾರಾಗಬೇಡಿ."

ಎಮ್ಮೆ ತೊಳೀತಿದ್ದೋನ್ನ ಅಂಗೇ ಎಳ್ಕಂಡು ಬೀದಿಗೆ ತಂದ್ಲು. ಯಾವಳ್ಲಾ ಅವ್ಳು, ಎಲ್ಲಿಗೆ ಬರಲ್ಲ ಅಂತವ್ಳೆ, ನೀನ್ಯಾಕ್ಲಾ ಬೇಜಾರಾಗ್ಬೇಕು ಅಂತ ಸುರು ಅಚ್ಕಂಡ್ಲು. ಅವ್ನು ದೇವ್ರ ಮೇಲೆ ಆಣೆ, ಎಮ್ಮೆ ಮೇಲೆ ಆಣೆ ಇಟ್ಟ. ನಮ್ಮ ಸೊಸೆ ಲ್ಯಾಪ್‌ಟಾಪ್ ಎತ್ಕಂಡು ಓಡೋದ್ಲು. ಕೆಲ್ಸಕ್ಕೆ ಕೆಟ್ಟ ಎಸ್ರು ಬಂದ್ರೆ ಮಿಲ್ಲೇ ಗತಿ ಅಂತ ಅವಳ್ಗೂ ಗೊತ್ತು. ಇಲ್ನೋಡಿ ಅಕ್ಕ, ಈ ಜಾಗ ಕಾಲಿ, ಆ ಜಾಗ ಕಾಲಿ, ಬೀದೀಲಿ ಆಲು ಆಕೋರಿಗೆಲ್ಲ ಇದೇ ಬಂದದೆ ಅಂತ ತೋರ್ಸುದ್ಲು. ಎಲ್ರೂ ಅವುರವುರ ಪೋನ್ ನೋಡ್ಕಂಡ್ರು, ಔದು ಅಂದ್ರು.

ಎಂಡ್ತಿ ಸಮಾದಾನ ಮಾಡ್ಕಂಡ್ಲು. ಸೆರಗಲ್ಲಿ ಮೊಕ ಒರಸ್ಕಂಡು ಗಂಡನ್ನ ಕೇಳುದ್ಲು: "ಇದು ಡೈರೀದು, ಒಪ್ಕಂಡೆ. ಮೊನ್ನೆ ಬಂದಿದ್ದು ಯಾವ ಡೈರೀದು?"

ಅತ್ರ ಇರೋನ ಮಾತೇ ಮಾತು

ಕಂಪ್ನಿ ಓನರ್ರಿಗೆ ಎಲೆಕ್ಷನ್ ಉಚ್ಚು ಇಡೀತು. ಸೊಸೈಟಿ ಎಲೆಕ್ಷನ್ನೇ, ಆದ್ರೂ ಆವಯ್ಯ ಎಂಎಲ್‌ಎ ಆದಂಗೆ ಬಿಳೀ ಬಟ್ಟೆ ಒಲಿಸ್ಕಂಡ. ಪ್ರತಿ ಮೆಸೇಜಿನ ಕೊನೇಲೂ "ನಿಮ್ಮ ಸೇವೆಯಲ್ಲಿ" ಅಂತ ತನ್ನ ಎಸ್ರು ಬರ್ಬೇಕು ಅಂದ. ಸೊಸೆ ಎಲ್ಲಾ ಊರಿಗೂ ಸೇರ್ಸಿ ಮೇಲ್ಗಡೆ ಒಂದೇ ಕಡೆ ಆ ಎಸ್ರು ಕೊಟ್ಲು.

ಮಳವಳ್ಳೀಲಿ ಒಬ್ಬ ಸೂಪರ್‌ವೈಸರ್ರು ಅವ್ನೆ, ಅವ್ನೂ ಅದೇ ಎಲೆಕ್ಷನ್ಗೆ ಒಳಗೊಳ್ಗೇ ನಿಂತವ್ನೆ. ಅವ್ನು ಮಳವಳ್ಳಿ ಕೆಲ್ಸಕ್ಕೆ ಮಾತ್ರ ಅದೇ ಜಾಗದಲ್ಲಿ ತನ್ನ ಎಸ್ರು ತುಂಬ್ಸುದ. ಆ ಕಂಪ್ಯೂಟ್ರಿನ ಪದ್ದತಿ ಎಂಗೆ ಅಂದ್ರೆ, ಮೇಲ್ನೋನು ಒಂದು ಯೋಳಿ, ಕೆಲ್ಸದ ಅತ್ರ ಇರೋನು ಇನ್ನೊಂದು ಯೋಳುದ್ರೆ ಅತ್ರ ಇರೋನ್ದೇ ನಡ್ಯದು. ನಮ್ಮ ಸರ್ಕಾರಿ ಆಪೀಸು ಇದ್ದಂಗೆ.

ಓನರ್ರ ಮಾವನ ಮನೆ ಮಳವಳ್ಳೀಲೇ, ಅವುರೂ ಆಲು ಆಕೋರೇ. ಒಂದ್ ಭಾನ್ವಾರ ಬಾಡೂಟಕ್ಕೆ ಓಗಿ, ಎಲೆ ಮುಂದೆ ಕುಂತವ್ನೆ. ಮಾವನ ಪೋನು ಕಿಣಿ ಅಂತು. ಮಾವ ಮೆಸೇಜಿನ ಕೊನೇಲಿದ್ದ ಸೂಪರ್‌ವೈಸರ್ರ ಎಸ್ರು ಓದಿ, ಕನ್ನಡಕ ತೆಗ್ದು, ಅಳಿಯನ ಎದ್ರಿಗೇ ಅಂದ: "ನಿಮ್ಮ ಓನರ್ರು ಬಾಳ ಒಳ್ಳೇರು ಕಣಪ್ಪ, ದಿನಾ ವಿಚಾರುಸ್ಕತಾರೆ. ನೀವು ಅವುರ ತಾವಲೇ ಕೆಲ್ಸ ಮಾಡದು?"

ನೀರು

ಇಷ್ಟೆಲ್ಲ ಆದ್ರೂ ಸೊಸೆ ಕೆಲ್ಸ ಉಳ್ಕಂಡಿತ್ತು. ಇನ್ನೇನು ಕಾಯಂ ಮಾಡೋ ವಾರ. ಆಗ ಅವ್ಳೇ ತಪ್ಪು ಮಾಡುದ್ಲು.

ಒಸ ಮೆಸೇಜು ಕಳ್ಸೋ ಮುಂಚೆ ಪರೀಕ್ಷೆ ನೋಡ್ತಾರಂತೆ. ಅದ್ಕೂ ಒಂದು ವೇರಿಯಬಲ್ಲು. ಅದ್ರಲ್ಲಿ ಪರೀಕ್ಷೆ ಅಂತ ಕೊಟ್ರೆ ಮೆಸೇಜು ಅವುಳ ಒಬ್ಳ ಪೋನಿಗೆ ಬತ್ತದೆ, ಕೊಡ್ದೆ ಇದ್ರೆ ಮೂರೂರಿಗೂ ಓಯ್ತದೆ. ಅವತ್ತು ಕೊಡದು ಮರೆತ್ಲು. ಆಲು ಆಕೋ ಎಲ್ರಿಗೂ ಓಯ್ತು: "ನಿಮ್ಮ ಹಾಲಿನಲ್ಲಿ ನೀರು ಕಂಡುಬಂದಿದೆ. ನಾಳೆ ಬೆಳಿಗ್ಗೆ ಮದ್ದೂರು ಆಫೀಸಿಗೆ ಖುದ್ದಾಗಿ ಬಂದು ಉತ್ತರ ಕೊಡಿ."

ಕಿಟ್ಕೀಲಿ ತಲೆ ಆಕಿ ನಂಗೊಬ್ಳಿಗೇ ಯೋಳುದ್ಲು, ಕಣ್ಣಲ್ಲಿ ನೀರು. ನಾಳೆ ಜನ ಬಂದು ಆಪೀಸು ಪುಡಿ ಮಾಡ್ತಾರೆ, ನನ್ನ ಕತ್ತಿಡ್ದು ಆಚೆ ನೂಕ್ತಾರೆ, ಮಿಲ್ಲೇ ಗತಿ ಕಣಕ್ಕ ಅಂದ್ಲು. ಅತ್ತೆಗೆ ಇನ್ನೂ ಯೋಳಿರ್ನಿಲ್ಲ. ಇಚಿತ್ರ ಅಂದ್ರೆ ಅವತ್ತು ಅತ್ತೇದೂ ಉಸುರಿಲ್ಲ. ಸಾರಿಗೆ ಉಪ್ಪು ಕಮ್ಮಿ ಆದ್ರೂ ಬೈಯ್ನಿಲ್ಲ. ಗೊತ್ತಾಗೋಗದೆ, ಅದ್ಕೇ ಮಾತಾಡ್ತಿಲ್ಲ ಅಂತ ಸೊಸೆಗೆ ಇನ್ನೂ ಎದ್ರಿಕೆ.

ಒತ್ತಾರೆ ಅವಳ ಜೊತೆ ನಾನೂ ಮದ್ದೂರಿಗೆ ಬಸ್ಸು ಅತ್ತಿದೆ. ದೈರ್ಯಕ್ಕೆ. ಇಂತದ್ದನ್ನ ಬುಟ್ಟು ಬ್ಲೌಸು ಒಲೀತಾ ಕೂರಕ್ಕಾಯ್ತದಾ?

ಆಪೀಸ್ ಮುಂದೆ ಜಾತ್ರೆ ಇದ್ದಂಗೆ ಜನ. ಮದ್ದೂರು ಪಕ್ಕದ ವೈದ್ಯನಾಥಪುರದೋರು, ಮಳವಳ್ಳಿಯೋರು, ನಮ್ಮ ಮಂಡ್ಯದೋರು, ಎಲ್ಲ. ಆದ್ರೆ ಗಲಾಟೆ ಇಲ್ಲ. ಎಲ್ಲ ಟವಲ್ಲು ಕಂಕ್ಳಲ್ಲಿ ಇಟ್ಕಂಡು, ತಲೆ ತಗ್ಗಿಸ್ಕಂಡು, ಸಾಲಾಗಿ ನಿಂತವ್ರೆ. ಸೊಸೆ ಓನರ್ರ ಮುಂದೆ ಓಗಿ, ಸಾರ್ ಇದು ನನ್ನ ತಪ್ಪು, ಮೆಸೇಜು ಸುಳ್ಳು ಅನ್ನಕ್ಕೆ ಬಾಯಿ ತೆಗುದ್ಲು. ಅಷ್ಟರಲ್ಲಿ ಸಾಲಿನ ಮೊದಲ್ನೋನು ಕೈ ಮುಗ್ದ. ಕ್ಯಾನು ತೊಳ್ದಾಗ ವಸಿ ನೀರು ಉಳ್ಕಂಡಿತ್ತು ಸ್ವಾಮಿ ಅಂದ. ಎಲ್ಡನೇನು, ಮಳೆ ಬಂದು ಬಿತ್ತು ಅಂದ. ಮಳೆ ಎಲ್ಲಿ ಬಂತಪ್ಪ ಅಂದ್ರೆ, ನಮ್ಮ ಕೊಟ್ಗೆ ಮೇಲೆ ಮಾತ್ರ ಬಂತು ಅಂದ. ಇನ್ನೊಬ್ಬ, ನಮ್ಮ ಅಸ ನೀರು ಜಾಸ್ತಿ ಕುಡೀತದೆ, ಅದ್ರ ತಪ್ಪು ಅಂದ. ಅಷ್ಟು ಜನ್ರಲ್ಲಿ ನಾನು ಬೆರ್ಸಿಲ್ಲ ಅಂತ ಜಗಳಕ್ಕೆ ಬಂದೋನು ಒಬ್ನೂ ಇರ್ನಿಲ್ಲ.

ಓನರ್ರು ಸೊಸೆ ಕಡೆ ತಿರುಗಿ, ಪಿಸುಮಾತಲ್ಲಿ, ನೀನು ಬಾಯಿ ಬುಡಬ್ಯಾಡ ಕಣವ್ವ, ಇವತ್ತಿಂದ ಕಾಯಂ ಅಂದ.

ಸಾಲಿನ ಕೊನೇಲಿ ಒಬ್ಳು ಎಂಗ್ಸು ಮೊಕದ ತುಂಬ ಸೆರಗು ಒದ್ಕಂಡು ನಿಂತಿದ್ಲು. ಆ ಸೀರೆಗೆ ಫಾಲ್ಸ್ ಆಕಿದ್ದೋಳು ನಾನೇ, ನಂಗೆ ಗೊತ್ತಾಗಲ್ವಾ? ಇದೇ ಸೊಸೆಯ ಅತ್ತೆಮ್ಮ. ಇತ್ಲಲ್ಲಿರೋ ಸೀಮೆ ಅಸದ ಆಲು ಕಂಪ್ನಿಗೇ ಆಕದು, ನಮಗಿಂತ ಮುಂಚಿನ ಬಸ್ಸಿಗೇ ಬಂದವ್ಳೆ. ಸೆರಗೊಳ್ಗಿಂದ ನೆಲ ನೋಡ್ಕಂಡೇ ಓನರ್ರಿಗೆ ಯೋಳುದ್ಲು: "ನಂಗೇನೂ ಗೊತ್ತಿಲ್ಲ ಸ್ವಾಮಿ. ಮನೇಲಿ ಸೊಸೆ ಒಬ್ಳವ್ಳೆ. ಅವ್ಳೇ ಬೆರ್ಸಿರ್ಬೇಕು."

ಸೊಸೆ ಓನರ್ರ ಪಕ್ಕದಲ್ಲೇ ನಿಂತವ್ಳೆ. ಓನರ್ರು ಯಾವ ಸೊಸೆ ಅಂತ ಕೇಳೋ ಒಳ್ಗೆ ಇವ್ಳು ಮುಂದೆ ಬಂದು, "ಔದು ಸಾರ್, ಇದೆಲ್ಲ ಆಗಿದ್ದು ನನ್ನಿಂದಲೇ," ಅಂದ್ಲು. ಅತ್ತೆ ಸೆರಗು ಸರಿಸಿ ನೋಡಿ, ಮತ್ತೆ ಒದ್ಕಂಬುಟ್ಲು.

ವಾಪಸ್ ಬಸ್ಸಲ್ಲಿ ಅತ್ತೆ ನಮ್ಮಿಬ್ಬರ ಮದ್ಯೆ ಕುಂತಿದ್ಲು. ಕಾಯಂ ಆಯ್ತು ಅಂತ ಸೊಸೆ ಯೋಳುದ್ರೂ ಮಿಲ್ಲಿನ ಎಸ್ರೇ ಎತ್ನಿಲ್ಲ. ಮಂಡ್ಯ ಬರೋವರ್ಗೂ ಕಿಟ್ಕಿ ಆಚೆ ನೋಡ್ತಿದ್ದೋಳು, ಇಳಿಯೋ ಮುಂಚೆ ಸೊಸೆ ಕೈ ಇಡ್ಕಂಡು ಮೆತ್ತಗೆ ಕೇಳುದ್ಲು: "ಆ ಕಂಪ್ಯೂಟ್ರು ಇನ್ನೂ ಏನೇನು ಕಂಡಿಡೀತದೆ ಕಣವ್ವ?"

"ಎಲ್ಲಾನೂವೆ ಅತ್ತೆ," ಅಂದ್ಲು ಸೊಸೆ.