ಮೊದಲ ಸಾವಿರ ಕಿಲೋಮೀಟರ್ ಸಾವಕಾಶ

ಕಂಡಕ್ಟರ್ ಕೆಲಸ ಬಿಟ್ಟರೂ ಕಂಡಕ್ಟರನ ಹಣೆಬರಹ ಬಿಡುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಒಂದೇ ದಾರಿಯಲ್ಲಿ ಸರ್ವಿಸ್ ಪೂರ್ತಿ ಕೂಗಿ, ಕೊನೆಗೆ ಚೀಲ ಡಿಪೋಕ್ಕೆ ಒಪ್ಪಿಸಿ ಬಂದ ದಿನ ಇನ್ನು ಇಂಥ ಫಜೀತಿಗಳು ಮುಗಿದವು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಹೇಳಿದರೆ ಜನ ನಗುತ್ತಾರೆ. ನಾನೂ ನಕ್ಕಿದ್ದೇನೆ, ಆದರೆ ನಕ್ಕು ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಕಾರು ಬಂತು

ನನ್ನ ಜೊತೆ ಬಸ್ಸು ಓಡಿಸಿದ ಡ್ರೈವರ್ ನನಗಿಂತ ಹಿರಿಯರು. ನಾನು ಅವರಿಗೆ ಸಾಹೇಬ್ರ ಅನ್ನುತ್ತಿದ್ದೆ, ಅವರು ನನಗೆ ಕಂಡಕ್ಟ್ರ ಅನ್ನುತ್ತಿದ್ದರು. ಅವರ ಬಸ್ಸು ಅರವತ್ತರ ಮೇಲೆ ಏಳದ ಹಾಗೆ ಡಿಪೋದವರು ಕಟ್ಟು ಹಾಕಿದ್ದರು. ಒಮ್ಮೆಯಾದರೂ ಕಾಲು ಪೂರ್ತಿ ಒತ್ತಿ ಗಾಡಿ ಹೊಡೆಯಬೇಕು ಅನ್ನುವುದು ಅವರ ಜೀವನದ ಒಂದೇ ಆಸೆ. ನಿವೃತ್ತಿಯಾದದ್ದೇ ತಡ, ಹೆಂಡತಿಯ ಮಾತೂ ಕೇಳದೆ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವಂಥ ಒಂದು ಕೆಂಪು ಪರ್ಫಾರ್ಮೆನ್ಸ್ ಕಾರು ತಂದರು.

ಅದೇ ವಾರ ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಪಕ್ಕದ ನೋಟ ಹೋಗುತ್ತಿದೆ, ಎದುರಿನದು ಸದ್ಯಕ್ಕೆ ಇದೆ. ಮುಂದಿನ ತಪಾಸಣೆಯವರೆಗೆ ಹಗಲಲ್ಲಿ, ಪಕ್ಕಕ್ಕೆ ಒಬ್ಬರನ್ನು ಕೂಡಿಸಿಕೊಂಡು ನಿಧಾನ ಓಡಿಸಬಹುದು. ಆಮೇಲೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಇತ್ತ ಶೋರೂಮಿನ ಹುಡುಗ ಬೇರೆ ಹೇಳಿದ್ದ, ಹೊಸ ಇಂಜಿನ್ ಪಳಗಬೇಕು, ಮೊದಲ ಸಾವಿರ ಕಿಲೋಮೀಟರ್ ಜೋರು ಹೊಡೆಯಬೇಡಿ ಅಂತ. ಅಂದರೆ ಕಣ್ಣು ಮುಗಿಯುವುದರೊಳಗೆ ಸಾವಿರ ಮುಗಿಯಬೇಕು, ಅದೂ ಸಾವಕಾಶ.

ಮೊದಲನೇ ದಿನ ಅವರ ಹೆಂಡತಿ ನನಗೆ ಫೋನ್ ಮಾಡಿದರು. "ತಮ್ಮಾ, ಜಲ್ದಿ ಬಾ. ಗಾಡಿ ಚಾಲೂ ಮಾಡಿಕೊಂಡು ಕಲ್ಲಿನಂಗ ಕುಂತಾರ. ಮಾತಿಲ್ಲ, ಕತಿ ಇಲ್ಲ."

ಹಾರ್ಟೋ ಏನೋ ಅಂತ ಚಪ್ಪಲಿ ಸಹ ಮೆಟ್ಟದೆ ಓಡಿದೆ. ಸಾಹೇಬ್ರು ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ನೆಟ್ಟಗೆ ನೋಡುತ್ತ ಕೂತಿದ್ದರು. ಎಡಗಡೆ ಹತ್ತಿ ಬಾಗಿಲು ಹಾಕಿದೆ. ಬಾಯಿಗೆ ಬೇರೆ ಏನೂ ಬರದೆ "ರೈಟ್" ಅಂದುಬಿಟ್ಟೆ. ಗಾಡಿ ಹೊರಟಿತು.

"ಇಷ್ಟೊತ್ತು ಎಲ್ಲಿ ಹೋಗಿದ್ದಿ?" ಅಂದರು ಸಾಹೇಬ್ರು.

ಹತ್ತಿದವರು

ಹೀಗೆ ನಾನು ಮತ್ತೆ ಡ್ಯೂಟಿಗೆ ಹಾಜರಾದೆ. ಎಡಗಡೆಯದೆಲ್ಲ ನಾನು ನೋಡಿ ಹೇಳಬೇಕು, ಎದುರಿನದು ಅವರು ನೋಡಬೇಕು. ದಾರಿ ಮಾತ್ರ ಅದೇ ಹಳೆಯ ದಾರಿ, ಯಾಕೆಂದರೆ ಅದರ ಗುಂಡಿಗಳನ್ನು ಅವರು ಕಣ್ಣಿಲ್ಲದೆಯೂ ಬಲ್ಲರು. ಆದರೆ ಕೈ ಮಾಡಿದವರನ್ನು ಬಿಟ್ಟು ಹೋಗಿ ಅವರಿಗೆ ರೂಢಿ ಇರಲಿಲ್ಲ. ಬಸ್ ಸ್ಟಾಪ್ ಕಂಡರೆ ಸಾಕು, ಗಾಡಿ ತಾನೇ ಬದಿಗೆ ಸರಿಯುತ್ತಿತ್ತು.

ಸಂತೆಕಲ್ಲೂರಿನಲ್ಲಿ ಹಾಗೆ ನಿಂತಾಗ ಒಬ್ಬ ಹೆಣ್ಣುಮಗಳು ಹಿಂದಿನ ಬಾಗಿಲು ತೆಗೆದು, ಸಜ್ಜೆಯ ಚೀಲ ಒಳಗೆ ತಳ್ಳಿ, ತಾನೂ ಕೂತು, ಆಧಾರ್ ಕಾರ್ಡು ಮುಂದೆ ಚಾಚಿದಳು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ ಆದಾಗಿನಿಂದ ಅವರ ಕೈಯಲ್ಲಿ ಅದು ಇದ್ದೇ ಇರುತ್ತದೆ. ನಾನೂ ಇಸಿದುಕೊಂಡೆ. ಫೋಟೋ ನೋಡಿ, ಮುಖ ನೋಡಿ, ವಾಪಸ್ ಕೊಟ್ಟು "ರೈಟ್" ಅಂದೆ. ನಾವು ಮಾಡಿದ್ದೇನು ಅಂತ ಇಬ್ಬರಿಗೂ ಹೊಳೆದದ್ದು ಊರು ದಾಟಿದ ಮೇಲೆ.

ಇಳಿಸುವುದಕ್ಕೆ ಮನಸ್ಸಾಗಲಿಲ್ಲ. ಮಸ್ಕಿಯವರೆಗೆ ಕರೆದುಕೊಂಡು ಬಂದೆವು. ಆಕೆ ಮೊಣಕಾಲು ತಿಕ್ಕಿಕೊಳ್ಳುತ್ತ ಇಳಿದು, ಕಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಫ್ರೀ ಮಾಡಿದ ಮ್ಯಾಲ ಬಸ್ಸು ಭಾಳ ಸಣ್ಣು ಮಾಡ್ಯಾರ ನೋಡ್ರಿ," ಅಂದಳು.

ಹುರುಳಿ

ಕಾಲುವೆಯ ನೀರು ಹತ್ತದ ಆ ಕಡೆಯ ಊರುಗಳಲ್ಲಿ ಸುಗ್ಗಿಯಾದರೆ ಡಾಂಬರು ರಸ್ತೆಯೇ ಕಣ. ಹುರುಳಿ ಕಿತ್ತು ತಂದು ರಸ್ತೆಗೆ ಹಾಸುತ್ತಾರೆ, ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಒಂದು ದಿನ ಅಂಥ ಹುರುಳಿಯ ಪಕ್ಕ, ಎಡಗಡೆ, ಒಬ್ಬ ಅಜ್ಜ ಕೋಲೆತ್ತಿ ನಿಂತಿದ್ದ. ಸಾಹೇಬ್ರಿಗೆ ಆತ ಕಾಣಲೇ ಇಲ್ಲ. ನಾನು "ಹೋಲ್ಡಾನ್" ಅಂತ ಒದರಿದ ಮೇಲೆ ಗಾಡಿ ನಿಂತಿತು. ಸಾಹೇಬ್ರ ಮುಖ ಬಿಳಚಿಕೊಂಡಿತು. ಹೋದ ವಾರ ಕಾಣುತ್ತಿತ್ತು ಅಂತ ಮೆಲ್ಲಗೆ ಅಂದರು.

ಅಜ್ಜ ಬೈಯುತ್ತಾನೆ ಅಂದುಕೊಂಡೆವು. ಆತ ಕಿಟಕಿಗೆ ಬಗ್ಗಿ ಕೈ ಮುಗಿದ. ಲಾರಿಯವರು, ಬಸ್ಸಿನವರು ಜೋರು ಹೊಡೆದು ಕಾಳೆಲ್ಲ ಗಟಾರಕ್ಕೆ ಸಿಡಿಸುತ್ತಾರಂತೆ. ಇಷ್ಟು ಅಗಲ ಗಾಲಿಯ ಗಾಡಿ ಇಷ್ಟು ಸಾವಕಾಶ ಹೋಗುವುದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಇನ್ನೊಂದು ಸಲ ತಿರುಗಿಸಿಕೊಂಡು ಬರ್ರಿ, ಪುಣ್ಯ ಬರ್ತೈತಿ ಅಂದ.

ನಾನು ಬೇಡ ಅನ್ನುವವನಿದ್ದೆ. ಸಾಹೇಬ್ರು ಆಗಲೇ ರಿವರ್ಸ್ ಗೇರಿಗೆ ಹಾಕಿದ್ದರು. ಮಧ್ಯಾಹ್ನದವರೆಗೆ ಹೋದೆವು, ಬಂದೆವು, ಮತ್ತೆ ಹೋದೆವು. ಅಜ್ಜ ಸೀಟಿನ ಮೇಲೆ ಒಂದು ಗಂಟು ಹುರುಳಿ ಇಟ್ಟು ಕಳಿಸಿದ.

ಮೊದಲ ಸರ್ವಿಸಿಗೆ ಒಯ್ದಾಗ ಶೋರೂಮಿನ ಹುಡುಗ ಗಾಡಿ ಎತ್ತಿ ಕೆಳಗೆ ನೋಡಿದ. ಹೊಟ್ಟು, ಬಳ್ಳಿ, ಕಾಳು ಉದುರಿ ಅವನ ತಲೆ ತುಂಬಿತು. ಈ ಕಾರನ್ನ ಏನಕ್ಕೆ ಬಳಸುತ್ತೀರಿ ಅಂತ ಕೇಳಿದ. ಹುರುಳಿ ಒಕ್ಕಲಿ ಮಾಡೋದಕ್ಕ ಅಂತ ಸಾಹೇಬ್ರು ಹೇಳಿದರು, ಮತ್ತು ಈ ಗಾಡಿ ಅದಕ್ಕೆ ಬಹಳ ಚಲೋ ಇದೆ ಅಂತ ಸೇರಿಸಿದರು.

ಮಸ್ಕಿಯಲ್ಲಿ ಒಂದು ಸಾವು

ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಂಡರೆ ಸಾಹೇಬ್ರಿಗೆ ಸ್ವಲ್ಪ ಹೊತ್ತು ಬುಳುಬುಳು ನೀರು ಸುರಿಯುತ್ತದೆ. ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ, ಬಿಟ್ಟುಕೊಂಡು, ಗಾಳಿಗೆ ಅಂತ ಹೊರಗೆ ನಿಂತಿದ್ದರು. ಅದೇ ವೇಳೆಗೆ ಒಂದು ಹೆಣ ಬಂತು. ಯಾರೋ ವಯಸ್ಸಾದವರು. ಸಾಹೇಬ್ರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು. ಕಣ್ಣೀರು ಗದ್ದದಿಂದ ಅಂಗಿಯ ಮೇಲೆ ಇಳಿಯುತ್ತಿತ್ತು.

ಸತ್ತವರ ಮಗ ನೋಡಿದ. ತನ್ನ ಮನೆಯವರೂ ಇಷ್ಟು ಅತ್ತಿರಲಿಲ್ಲವೇನೋ, ಬಂದು ಸಾಹೇಬ್ರನ್ನು ತಬ್ಬಿಕೊಂಡ. "ಕಾಕಾ, ಅಪ್ಪ ನಿಮ್ಮ ಸುದ್ದಿ ಹೇಳೇ ಇರಲಿಲ್ಲ. ಬರ್ರಿ, ಹೆಗಲು ಕೊಡ್ರಿ," ಅಂದ.

ಆ ಹೊತ್ತಿನಲ್ಲಿ ಇಲ್ಲಪ್ಪ, ಇದು ಡ್ರಾಪ್ಸ್ ಅಂತ ಹೇಳುವುದು ಹೇಗೆ? ಸಾಹೇಬ್ರು ಹೆಗಲು ಕೊಟ್ಟರು. ಎಡಕ್ಕೆ ಸರಿಯದ ಹಾಗೆ ನಾನು ಅವರ ರಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಮಣ್ಣು ಹಾಕುವ ವೇಳೆಗೆ ಡ್ರಾಪ್ಸಿನ ನೀರು ನಿಂತು ಎಷ್ಟೋ ಹೊತ್ತಾಗಿತ್ತು, ಆದರೆ ಅವರು ಅಳುವುದು ನಿಲ್ಲಿಸಿರಲಿಲ್ಲ. ಯಾವುದಕ್ಕೆ ಅಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು.

ಮೂರನೇ ದಿನದ ಊಟಕ್ಕೂ ಬರಲೇಬೇಕು ಅಂತ ಮಗ ಆಣೆ ಹಾಕಿದ. ಹೋಗಿ ಬಂದೆವು. ಕಿಲೋಮೀಟರ್ ಬೇಕಾಗಿತ್ತಲ್ಲ.

ಪೂರ್ತಿ ಒತ್ತಿದ್ದು

ಅಂತೂ ಸಾವಿರ ಮುಗಿಯಿತು. ಮರುದಿನ ತಪಾಸಣೆ. ಡಾಕ್ಟರು ಏನು ಹೇಳುತ್ತಾರೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ. ಮಸ್ಕಿ ಬಿಟ್ಟು ಸಿಂಧನೂರಿನ ಕಡೆ ಬರುವಾಗ ರಸ್ತೆ ಒಂದು ಕಡೆ ನೆಟ್ಟಗೆ ಬಿದ್ದಿದೆ. ಮುಂಜಾನೆ ಬಿಸಿಲು ಬಂದ ಮೇಲೆ, ರಸ್ತೆ ಖಾಲಿ ಇರುವ ಹೊತ್ತು ನೋಡಿ ಅಲ್ಲಿಗೆ ಹೋದೆವು. ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ಹೋದರೆ ಇಬ್ಬರೂ ಕೂಡಿಯೇ ಹೋಗೋಣ ಅಂತ ಹಟ ಹಿಡಿದು ಬಂದಿದ್ದರು.

ಸ್ಪೀಡಿನ ಮುಳ್ಳು ನೋಡಲು ಕಣ್ಣು ಕೆಳಗಿಳಿಸಿದರೆ ಸಾಹೇಬ್ರಿಗೆ ಮತ್ತೆ ರಸ್ತೆ ಹುಡುಕಬೇಕಾಗುತ್ತಿತ್ತು. ಅದಕ್ಕೆ ನೀನೇ ಓದು ಅಂದರು. ನಾನು ಎಡಗಡೆ ನೋಡಿ, ಹಿಂದೆ ನೋಡಿ, "ರೈಟ್" ಅಂದೆ.

ಗಾಡಿ ಎದ್ದಿತು. ನಲವತ್ತು, ಐವತ್ತು. ಅರವತ್ತರ ಹತ್ತಿರ ಹೋಗಿ ಮುಳ್ಳು ನಿಂತುಬಿಟ್ಟಿತು. ಇಂಜಿನ್ ಕೇಳುತ್ತಿತ್ತು, ರಸ್ತೆ ಬಿಟ್ಟುಕೊಟ್ಟಿತ್ತು, ಅವರ ಕಾಲು ಮಾತ್ರ ಮುಂದೆ ಹೋಗಲಿಲ್ಲ. ಆ ಕಾಲಿಗೆ ಅರವತ್ತರ ಆಚೆ ಜಾಗವಿದೆ ಅನ್ನುವುದೇ ಗೊತ್ತಿರಲಿಲ್ಲ.

"ಎಷ್ಟೈತಿ?" ಅಂದರು.

"ಎಂಬತ್ತು," ಅಂದೆ.

"ಈಗ?"

"ನೂರು ದಾಟಾಕತ್ತೈತ್ರಿ. ನೂರಾ ಇಪ್ಪತ್ತು."

ಹಿಂದಿನ ಸೀಟಿನಿಂದ ಅವರ ಹೆಂಡತಿ ಬಗ್ಗಿ ಮುಳ್ಳು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಸೀಟಿಗೆ ಒರಗಿ, "ಸಾವಕಾಶ ಹೊಡೀರಿ, ನನ್ನ ಜೀವ ಹಾರಾಕತ್ತೈತಿ," ಅಂದರು.

ಸಾಹೇಬ್ರ ಮುಖ ಅರಳಿದ್ದನ್ನು ಆವತ್ತು ನೋಡಬೇಕಿತ್ತು. ನಾನು ಮುಳ್ಳು ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿತು. ನಮ್ಮದೇ ಡಿಪೋದ ಬಸ್ಸು, ಈಗಿನವಕ್ಕೆ ಎಂಬತ್ತರವರೆಗೆ ಬಿಟ್ಟಿದ್ದಾರೆ. ಬಾಗಿಲಿನವರೆಗೆ ಮಂದಿ ತುಂಬಿಕೊಂಡು, ಒಂದು ಕಡೆ ವಾಲಿಕೊಂಡು, ನಮ್ಮ ಬಲಕ್ಕೆ ಬಂತು, ದಾಟಿತು, ಎದುರಿಗೆ ಸಣ್ಣಗಾಗುತ್ತ ಹೋಯಿತು.

ಸಾಹೇಬ್ರು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು. ಇಂಜಿನ್ ಆರಿಸಿದರು. ಕೀಲಿಯನ್ನು ಹಿಂದಕ್ಕೆ ಚಾಚಿ ಹೆಂಡತಿಯ ಕೈಗೆ ಕೊಟ್ಟು, ಬೆರಳು ಮಡಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಂಡಕ್ಟ್ರ, ಡಿಪೋಕ್ಕ ಫೋನ್ ಹಚ್ಚು. ನೂರಾ ಇಪ್ಪತ್ತರಾಗ ಹೊಂಟಿದ್ದ ಕಾರನ್ನ ನಿಮ್ಮ ಬಸ್ಸು ಹಿಂದ ಹಾಕಿ ಹೋಗೇತಿ ಅಂತ ಹೇಳು. ಆ ಡ್ರೈವರಗ ಮೆಮೊ ಕೊಡಬೇಕು. ಒಳಗ ಮಂದಿ ಕುಂತಿರ್ತಾರ, ಅಷ್ಟು ಜೋರು ಹೊಡೀಬಾರ್ದು."