ಮಲಪ್ರಭೆಗೆ ನಾನು ಕೊಟ್ಟ ಫಸ್ಟ್ ಕ್ಲಾಸ್

ರೋಣದ ಪಿಯು ಕಾಲೇಜೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಮೀನಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅದರ ಕಿವಿರು, ರೆಕ್ಕೆ, ಎರಡು ಕೋಣೆಯ ಹೃದಯ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬಿಡಿಸಬಲ್ಲೆ. ಜೀವಂತ ಮೀನನ್ನು ಒಮ್ಮೆಯೂ ಮುಟ್ಟಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ನನ್ನ ಪಾಂಡಿತ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ! ನಮ್ಮ ಮನೆಯಲ್ಲಿ ಮೊಟ್ಟೆಯನ್ನು ಕೂಡ ಹೆಸರು ಹಿಡಿದು ಕರೆಯುವುದಿಲ್ಲ.

ಹೀಗಿರುವಾಗ ಒಂದು ಯೋಜನೆ ಬಂತು. ನದಿಯಲ್ಲಿ ಎಂಥ ಮೀನುಗಳಿವೆ ಎಂದು ನೋಡಿ ಆ ನದಿಯ ಆರೋಗ್ಯ ಹೇಗಿದೆ ಎಂದು ಹೇಳಬೇಕು. ನಮ್ಮ ಕಡೆಯ ಮಲಪ್ರಭೆಗೆ ಒಬ್ಬರು ಬೇಕು ಎಂದು ಪ್ರಾಚಾರ್ಯರು ಕೇಳಿದರು. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಹೇಡಿಗಳು! ನಾನು ಕೈ ಎತ್ತಿದೆ.

ಗದಗಿನಲ್ಲಿ ಒಂದು ದಿನದ ತರಬೇತಿ. ಬಲೆ ಹಾಕಿಸುವುದು, ಮೀನನ್ನು ಅಳೆಯುವುದು, ತೂಗುವುದು, ಫೋಟೋ ತೆಗೆದು ಮತ್ತೆ ನೀರಿಗೆ ಬಿಡುವುದು, ಇಷ್ಟನ್ನು ಬೆಳಿಗ್ಗೆ ಹೇಳಿಕೊಟ್ಟರು. ಸಿಕ್ಕ ಮೀನುಗಳಿಂದ ನದಿಯ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬ ಪಾಠ ಊಟದ ನಂತರ ಇತ್ತು. ಊಟಕ್ಕೆ ಹೋಳಿಗೆ ಇತ್ತು. ಸಂಜೆಯಾದರೆ ರೋಣದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಅರ್ಥ ಮಾಡಿಸಿದವಳಿಗೆ ಅರ್ಥ ಮಾಡಿಕೊಳ್ಳುವುದನ್ನು ಇವರೇನು ಕಲಿಸುತ್ತಾರೆ? ಊಟ ಆದದ್ದೇ ಪ್ರಮಾಣಪತ್ರ ಇಸಿದುಕೊಂಡು ಬಸ್ಸು ಹತ್ತಿದೆ.

ನಮ್ಮ ಯಜಮಾನರು ಈರಣ್ಣ, ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅವರಿಗೆ ಜಗತ್ತಿನ ಎಲ್ಲದರ ಮೇಲೂ ಅನುಮಾನ. ನನ್ನ ಮೇಲೆ ಸ್ವಲ್ಪ ಹೆಚ್ಚು.

"ಹೂಕೋಸಿನ್ಯಾಗ ಹುಳಾ ಕಂಡ್ರ ಅಂಗಳಕ್ಕ ಓಡ್ತಿ. ನೀ ಮೀನ ಹಿಡ್ಯಾಕ ಹೊಂಟೀ ಏನ?" ಎಂದರು.

"ಹಿಡಿಯೋದು ಮೀನಗಾರನ ಕೆಲಸ ರೀ. ನಂದೇನಿದ್ರೂ ನಿರ್ಣಯ ಕೊಡೋದು."

"ಹಂಗಾರ ಹೊಳಿ ಕತಿ ಮುಗೀತು," ಎಂದು ಅವರು ಬೈಕಿನ ಕೀಲಿ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ಹೊಳೆಮಣ್ಣೂರಿಗೆ ಹೊರಟೆವು. ನನ್ನ ತೊಡೆಯ ಮೇಲೆ ಹೂರಣ ಬೇಯಿಸುವ ದೊಡ್ಡ ಬೋಗೋಣಿ, ಅದರೊಳಗೆ ಅಂಗಡಿಯ ತೂಗುವ ಕಾಟಾ, ದರ್ಜಿಯಿಂದ ಇಸಿದುಕೊಂಡ ಟೇಪು. ಫೋಟೋ ತೆಗೆಯುವುದಿದೆ ಎಂದು ಹೊಸ ಇಳಕಲ್ ಸೀರೆ ಉಟ್ಟಿದ್ದೆ. ನದಿಗೂ ಒಂದು ಗೌರವ ಬೇಡವೇ?

ದಂಡೆಯಲ್ಲಿ ಮೀನುಗಾರ ಹುಸೇನಸಾಬ ಕಾಯುತ್ತಿದ್ದ. ಫೋಟೋದ ಸುದ್ದಿ ಅವನಿಗೂ ಮುಟ್ಟಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ಬೀಗರ ಮನೆಗೆ ಹೊರಟವನ ಹಾಗೆ ನಿಂತಿದ್ದ.

"ಈ ಹೊಳ್ಯಾಗ ಮೀನ ಚಲೋ ಅದಾವೇನಪಾ?" ಎಂದು ಕೇಳಿದೆ.

"ಚಲೋ ಅಂದ್ರ? ಇಂಥಾ ಮೀನ ಇಡೀ ಕರ್ನಾಟಕದಾಗ ಎಲ್ಲೂ ಇಲ್ರಿ ಮೇಡಮ್ಮಾರ! ಅದರಾಗೂ ಇಲ್ಲೆ ಜಿಲೇಬಿ ಭಾಳ ರೀ."

"ಅವೆಲ್ಲಾ ಕೆಲಸ ಮುಗದಮ್ಯಾಲ. ಇಷ್ಟ ಮುಂಜಾನೆ ನಾನು ಸಿಹಿ ತಿನ್ನೂದಿಲ್ಲ," ಎಂದು ಗಂಭೀರವಾಗಿ ಹೇಳಿದೆ.

ಯಜಮಾನರು ಬೈಕಿನ ಹಿಂದಕ್ಕೆ ಹೋಗಿ ಬಹಳ ಹೊತ್ತು ಕೆಮ್ಮಿದರು. ಜಿಲೇಬಿ ಎಂಬ ಹೆಸರಿನ ಮೀನೂ ಇರುತ್ತದೆ ಎಂದು ಅವರು ಬಂದು ನನ್ನ ಕಿವಿಯಲ್ಲಿ ಹೇಳಿದಾಗ, ಗೊತ್ತು ಎಂದೆ.

ಅಷ್ಟರಲ್ಲಿ ಎಮ್ಮೆಯ ಹಗ್ಗ ಹಿಡಿದು ಊರಿನ ಫಕೀರವ್ವ ಬಂದಳು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ.

"ನೀರು ಪರೀಕ್ಷಾ ಮಾಡಾಕ ಬಂದೀರೇನ್ರಿ? ಚಲೋ ಇಲ್ಲ ಅಂತ ಬರದ ಬಿಡ್ರಿ. ಮ್ಯಾಲಿನ ಗಟಾರ ನೀರೆಲ್ಲಾ ಇಲ್ಲೇ ಬಂದ ಬೀಳತೈತಿ. ಅದನ್ನ ಬ್ಯಾರೆ ಕಡೆ ತಿರುವ್ರಿ ಅಂತ ನಾವೆಲ್ಲಾ ಅರ್ಜಿ ಕೊಟ್ಟೀವಿ. ಮೀನಿನ ವರದಿ ಬರ್ಲಿ, ಆಮ್ಯಾಲ ನೋಡೂಣು ಅಂದಾರ ಸಾಹೇಬ್ರು. ನಮ್ಮ ಎಮ್ಮಿ ಸೈತ ಈ ನೀರಿಗೆ ಮೂತಿ ಹಚ್ಚೂದಿಲ್ರಿ!"

"ಯವ್ವಾ, ಎಮ್ಮಿ ಹೇಳಿದ್ದು ವಿಜ್ಞಾನ ಆಗೂದಿಲ್ಲ," ಎಂದೆ. "ಮೀನ ಹೇಳಬೇಕು."

"ಆತ್ರಿ. ಅವನ್ನ ಕೇಳ್ರಿ ಹಂಗಾರ," ಎಂದು ಆಕೆ ಎಮ್ಮೆಯೊಡನೆ ಅಲ್ಲಿಯೇ ನಿಂತಳು.

ನೀರು ಹಸಿರಾಗಿತ್ತು. ಮೇಲೆ ನೊರೆ ತೇಲುತ್ತಿತ್ತು. ಯಜಮಾನರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡರು.

"ಏನ ನಾರತೈತಲೇ ಇದು!"

"ಅದು ಮೀನಿನ ವಾಸನಿ ರೀ. ನಿಮಗ ರೂಢಿ ಇಲ್ಲ."

"ಮೀನ ಇನ್ನೂ ಹಿಡದೇ ಇಲ್ಲಲ್ಲ!"

ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂತರೆ ವಿಜ್ಞಾನ ಮುಂದೆ ಹೋಗುವುದಿಲ್ಲ. ಬಲೆ ಎಳೆಯಲು ಹೇಳಿದೆ.

ಬಂತು ನೋಡಿ ಮೀನು! ರಾಶಿ ರಾಶಿ ಮೀನು! ದಪ್ಪಗೆ, ಅಗಲಕ್ಕೆ, ಬೆನ್ನ ಮೇಲೆ ಮುಳ್ಳು ನಿಮಿರಿಸಿಕೊಂಡು ಬಲೆಯೊಳಗೆ ಪಟಪಟನೆ ಹಾರುತ್ತಿದ್ದವು. ಅವುಗಳ ನಡುವೆ ಮೀಸೆ ಬಿಟ್ಟ ಕಪ್ಪು ಮೀನುಗಳು ಬೇರೆ. ನಾನು ಕೂಗಿಯೇ ಬಿಟ್ಟೆ. ಬೋಗೋಣಿ ತುಂಬಿತು. ಯಜಮಾನರು ಒಂದೊಂದನ್ನೇ ತೂಗಿ, ಅಂಗಡಿಯ ಅಭ್ಯಾಸಬಲದಿಂದ "ಮುಂದಿಂದು!" ಎಂದು ಕೂಗುತ್ತಿದ್ದರು. ನಾನು ಟೇಪು ಹಿಡಿದು ಬಗ್ಗಿದೆ. ಒಂದು ಮೀನು ಬೋಗೋಣಿಯಿಂದ ಚಿಮ್ಮಿ ನೇರವಾಗಿ ನನ್ನ ಸೀರೆಯ ನೆರಿಗೆಯೊಳಗೆ ಇಳಿಯಿತು.

ಈ ಸಂದರ್ಭದಲ್ಲಿ ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿರಲಿಲ್ಲ. ಕಿರುಚಿದೆ. ಹಾರಿದೆ. ಇಳಿದ ಜಾಗದಲ್ಲಿ ನೆಲ ಇರಲಿಲ್ಲ, ಕೆಸರಿತ್ತು. ಇಳಕಲ್ ಸೀರೆಯ ಸಮೇತ ಮಲಪ್ರಭೆಯಲ್ಲಿ ಕುಳಿತುಬಿಟ್ಟೆ! ನನ್ನ ಫೋನು ಹುಸೇನಸಾಬನ ಕೈಯಲ್ಲಿತ್ತು, ಅವನು ಅದರ ಫೋಟೋ ಕೂಡ ತೆಗೆದ. ಆ ದಿನದ ಫೋಟೋಗಳಲ್ಲಿ ಅತಿ ಸ್ಪಷ್ಟವಾಗಿ ಬಂದದ್ದು ಅದೊಂದೇ.

ನನ್ನನ್ನು ಎಳೆದು ದಂಡೆಗೆ ಹಾಕಿದರು. ಅಳತೆ ಮುಗಿದ ಮೇಲೆ ಮೀನುಗಳನ್ನೆಲ್ಲ ಹೊಳೆಗೆ ಬಿಡು ಎಂದಾಗ ಹುಸೇನಸಾಬನ ಮುಖ ಸಪ್ಪಗಾಯಿತು.

"ಬಿಡೂದೇನ್ರಿ? ಮತ್ತ ಯಾಕ ಹಿಡದ್ವಿರಿ?"

ನಾನು ಎದ್ದು ನಿಂತೆ. ಸೀರೆಯಿಂದ ಕೆಸರು ಇಳಿಯುತ್ತಿರುವಾಗಲೇ, ನನ್ನ ಕಿರುಚಾಟ ಕೇಳಿ ಸೇರಿದ್ದ ಊರ ಜನರನ್ನು ಉದ್ದೇಶಿಸಿ ನಿರ್ಣಯ ಪ್ರಕಟಿಸಿದೆ. "ಇಷ್ಟು ಮೀನ, ಇಷ್ಟು ಗಟ್ಟಿ ಮೀನ! ನಿಮ್ಮ ಹೊಳಿ ಫಸ್ಟ್ ಕ್ಲಾಸ್ ಐತಿ!"

ಫಕೀರವ್ವ ಎಮ್ಮೆಯನ್ನು ತಿರುಗಿಸಿಕೊಂಡು ಹೋದಳು. ವಿಜ್ಞಾನದ ಎದುರು ಸೋತು ಹೋದಳೆಂದು ನಾನು ತಿಳಿದೆ. ಎಂಥ ಬುದ್ಧಿ ನನ್ನದು!

ವರದಿಯಲ್ಲಿ 'ಅತ್ಯುತ್ತಮ' ಎಂದು ಬರೆದು ಕಳಿಸಿದೆ. ಊರಿನ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಅದನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿ, ಯಾರು ಯಾರು ನೋಡಿದರು ಎಂದು ಗಳಿಗೆಗೊಮ್ಮೆ ನೋಡಿದೆ. ಬೇಡದವರೂ ನೋಡಿದರು. ಅರ್ಜಿ ಹಿಡಿದು ಕೂತಿದ್ದ ಸಾಹೇಬರೂ ನೋಡಿದರು. ನದಿ ಅಷ್ಟು ಚೆನ್ನಾಗಿದ್ದ ಮೇಲೆ ಗಟಾರ ತಿರುಗಿಸುವ ಅಗತ್ಯವೇನು ಎಂದು ಅರ್ಜಿಯನ್ನು ಮುಚ್ಚಿಟ್ಟರು.

ಮುಂದಿನ ವಾರ ನಮ್ಮ ಮನೆಯ ಮುಂದೆ ಟಂಟಂ ರಿಕ್ಷಾ ನಿಂತಿತು. ಫಕೀರವ್ವ ಇಳಿದಳು, ಹಿಂದೆ ಹೊಳೆಮಣ್ಣೂರಿನ ಒಂದಿಷ್ಟು ಹೆಂಗಸರು. ಆಕೆಯ ಬಗಲಲ್ಲಿ ಪ್ಲಾಸ್ಟಿಕ್ ಕೊಡ. ಓಣಿಯ ಬಾಗಿಲುಗಳೆಲ್ಲ ತೆರೆದವು.

"ಬರ್ರಿ, ಚಾ ಮಾಡ್ತೀನಿ," ಎಂದೆ.

"ಚಾ ಬ್ಯಾಡ್ರಿ ಮೇಡಮ್ಮಾರ. ನಿಮ್ಮ ಫಸ್ಟ್ ಕ್ಲಾಸ್ ನೀರ ತಂದೀವಿ. ಒಂದ್ ಗ್ಲಾಸ್ ಕುಡದ ತೋರಸ್ರಿ. ನಾವು ಸುಮ್ಮನ ಹೊಳ್ಳಿ ಹೋಗ್ತೀವಿ."

ಬುದ್ಧಿ ಇದ್ದವರು ಯಾರಾದರೂ ಇಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ ಎನ್ನುತ್ತಿದ್ದರು. ಯಜಮಾನರು ನನ್ನ ಸೆರಗು ಜಗ್ಗಿ, "ತಪ್ಪಾತು ಅನ್ನು, ಮುಗೀತದ. ಯಾರ ಗಂಟೂ ಹೋಗೂದಿಲ್ಲ," ಎಂದು ಪಿಸುಗುಟ್ಟಿದರು. ಆದರೆ ಎದುರು ಮನೆಯ ಕಟ್ಟೆಯ ಮೇಲೆ ನನ್ನದೇ ವಿದ್ಯಾರ್ಥಿನಿಯ ತಾಯಿ ನಿಂತಿದ್ದರು. ವಿಜ್ಞಾನದ ಮಾನ ಸಂಪೂರ್ಣವಾಗಿ ನನ್ನ ಗಂಟಲಿನ ಮೇಲೆ ನಿಂತಿತ್ತು. ಒಳಗಿನಿಂದ ಗ್ಲಾಸು ತಂದೆ. ತುಂಬಿಸಿಕೊಂಡೆ. ಉಸಿರು ಬಿಗಿಹಿಡಿದು ಗಟಗಟನೆ ಕುಡಿದೆ!

ಫಕೀರವ್ವ ಕೊಡ ಕೆಳಗಿಟ್ಟು ಎದೆಗೆ ಕೈ ಹಚ್ಚಿದಳು.

"ಯವ್ವಾ! ನಾ ಸುಮ್ನ ಅಂದಿದ್ನೆಲ್ರಿ! ಖರೇನ ಕುಡದಬಿಟ್ರ್ಯಾ?"

ಮರುದಿನ ನಾನು ದವಾಖಾನೆಯಲ್ಲಿದ್ದೆ. ಅದರ ನಡುವಿನ ಹೊತ್ತನ್ನು ಸಭ್ಯ ಭಾಷೆಯಲ್ಲಿ ಬರೆಯಲಾಗುವುದಿಲ್ಲ. ಡಾಕ್ಟರು ನಾಡಿ ಹಿಡಿದು, "ಏನ ತಿಂದಿದ್ರಿ?" ಎಂದು ಕೇಳಿದರು.

"ತಿಂದಿಲ್ರಿ," ಎಂದರು ಯಜಮಾನರು. "ತಾನ ಬರದ ವರದಿ ತಾನ ಕುಡದಾಳ."

ನನಗೆ ಸಲೈನ್ ಏರುತ್ತಿರುವಾಗಲೇ ಧಾರವಾಡದಿಂದ ಆ ಯೋಜನೆಯ ತಜ್ಞೆ ಬಂದರು. ಎಲ್ಲ ವರದಿಗಳಲ್ಲಿ ನನ್ನದೊಂದೇ ವಿಚಿತ್ರವಾಗಿತ್ತಂತೆ. ಮಂಚದ ಪಕ್ಕ ಕುಳಿತು ನನ್ನ ಫೋನಿನ ಫೋಟೋಗಳನ್ನು ಒಂದೊಂದಾಗಿ ಸರಿಸಿದರು. ನಾನು ಕೆಸರಿನಲ್ಲಿ ಕೂತ ಫೋಟೋ ಬಂದಾಗ ಮಾತ್ರ ಸೌಜನ್ಯದಿಂದ ಬೇಗ ಸರಿಸಿದರು.

"ಮೇಡಂ, ಇವು ಬರೇ ಜಿಲೇಬಿ. ಈ ಮೀಸಿದು ಆಫ್ರಿಕಾದ ಕ್ಯಾಟ್‌ಫಿಶ್. ಎರಡೂ ಹೊರಗಿಂದ ಬಂದಾವ. ಹೊಲಸ ನೀರಿನ್ಯಾಗ ಬ್ಯಾರೆ ಮೀನೆಲ್ಲಾ ಸತ್ತಮ್ಯಾಲೂ ಇವು ಆರಾಮ ಇರತಾವ. ನಮ್ಮ ಹೊಳಿ ಮೂಲ ಮೀನ ಇದರಾಗ ಒಂದೂ ಇಲ್ಲ. ಎಷ್ಟ ಮೀನ ಅನ್ನೋದಲ್ರಿ, ಯಾವ ಮೀನ ಅನ್ನೋದು ಮುಖ್ಯ. ಅವತ್ತ ಮಧ್ಯಾಹ್ನ ಇದನ್ನ ಭಾಳ ಹೊತ್ತು ಹೇಳಿದ್ವೆಲ್ಲ?"

ನಾನು ಸಲೈನ್ ಬಾಟಲಿಯ ಕಡೆ ನೋಡಿದೆ. ಅವರು ಅದನ್ನು ಹೇಳುತ್ತಿದ್ದಾಗ ನಾನು ಕಿಟಕಿ ಪಕ್ಕದ ಸೀಟಿನಲ್ಲಿ ಕಡಲೆ ಹೊಲಗಳನ್ನು ನೋಡುತ್ತಿದ್ದೆ.

"ನಿಮ್ಮ ಅಳತಿ, ತೂಕ ಎಲ್ಲಾ ಬರೋಬರಿ ಅದಾವ. ನಿರ್ಣಯ ಒಂದ ಉಲ್ಟಾ ಆಗೇತಿ," ಎಂದು ಅವರು ಸಮಾಧಾನ ಹೇಳಿದರು.

ಅಂದರೆ, ಯಜಮಾನರು ತೂಗಿದ್ದು ಸರಿ. ಹುಸೇನಸಾಬ ಹಿಡಿದದ್ದು ಸರಿ. ಇಡೀ ಕಾರ್ಯಕ್ರಮದಲ್ಲಿ ನಾನೊಬ್ಬಳೇ ಮಾಡಬೇಕಿದ್ದ ಕೆಲಸ ಒಂದಿತ್ತು, ಅದು ತಪ್ಪು! ಅಷ್ಟು ಮಾಡಿ ಊರ ಜನರ ಕುತ್ತಿಗೆಗೆ ಆ ಗಟಾರವನ್ನು ಕಾಯಂ ಆಗಿ ಕಟ್ಟಲು ಹೊರಟಿದ್ದೆ. ಹೊಟ್ಟೆನೋವಿಗೆ ಇಂಜೆಕ್ಷನ್ ಇತ್ತು. ಈ ನೋವಿಗೆ ಇರಲಿಲ್ಲ.

ಸಂಜೆ ಫಕೀರವ್ವ ಡಬ್ಬಿ ಹಿಡಿದು ಬಂದಳು.

"ಮಜ್ಜಿಗಿ ತಂದೀನಿ. ಬಾವಿ ನೀರ ಹಾಕೀನಿ, ಅಂಜಬ್ಯಾಡ್ರಿ."

"ತಪ್ಪಾತು ಫಕೀರವ್ವಾ," ಎಂದೆ. ಇಷ್ಟು ಸಣ್ಣ ಮಾತು ಮೊದಲೇ ಬಾಯಿಗೆ ಬಂದಿದ್ದರೆ ಎಷ್ಟು ಸಲೈನ್ ಉಳಿಯುತ್ತಿತ್ತು!

"ತಪ್ಪು ಖರೇ ರೀ," ಎಂದಳು ಆಕೆ, ಒಂದಿಷ್ಟೂ ರಿಯಾಯಿತಿ ಕೊಡದೆ. "ಆದ್ರ ಕುಡಿಯೂ ಧೈರ್ಯ ನಮ್ಮೂರಾಗ ಯಾರಿಗೂ ಇಲ್ಲ ಬಿಡ್ರಿ."

ವರದಿ ತಿದ್ದಿದೆ. 'ಅತ್ಯುತ್ತಮ' ಹೋಗಿ 'ತೀರ ಕಳಪೆ' ಬಂತು. ಈ ಸಲ ಸ್ಟೇಟಸ್ಸಿಗೆ ಹಾಕಲಿಲ್ಲ. ಮುಚ್ಚಿದ ಅರ್ಜಿ ಮತ್ತೆ ತೆರೆಯಿತು. ಕೆಲವು ದಿನಗಳ ನಂತರ ಇಬ್ಬರು ಅಧಿಕಾರಿಗಳು ಗಟಾರ ನೋಡಲು ಹೊಳೆಮಣ್ಣೂರಿಗೆ ಬಂದರು. ವಿವರ ಹೇಳಲು ನಾನೂ ಇರಬೇಕಾಯಿತು. ಇಡೀ ಊರು ದಂಡೆಯ ಮೇಲೆ ಸೇರಿತ್ತು. ಕಳೆದುಕೊಂಡ ಮರ್ಯಾದೆಯನ್ನು ಸ್ವಲ್ಪವಾದರೂ ಗಳಿಸೋಣವೆಂದು ನಾನು ಮೂಲ ಮೀನು, ಹೊರಗಿನ ಮೀನು ಎಂದು ಪಾಠ ಶುರು ಮಾಡಿದೆ. ಫಕೀರವ್ವ ಮಧ್ಯದಲ್ಲೇ ತಡೆದಳು.

"ಸಾಹೇಬ್ರ, ಅಷ್ಟೆಲ್ಲಾ ಯಾಕ್ರಿ? ಈ ಮೇಡಮ್ಮಾರು ಸ್ವತಃ ಈ ನೀರ ಕುಡದ ದವಾಖಾನಿ ಸೇರಿದ್ರು. ಅದನ್ನ ಬರಕೋರಿ."

ಹಿರಿಯ ಅಧಿಕಾರಿ ತಲೆ ಎತ್ತಿ ನನ್ನನ್ನು ಮೊದಲ ಬಾರಿಗೆ ಆಸಕ್ತಿಯಿಂದ ನೋಡಿದರು. ಪೆನ್ನಿನ ಟೊಪ್ಪಿಗೆ ತೆಗೆದರು.

"ವಾಂತಿನೂ ಆತೇನ್ರಿ ಮೇಡಂ, ಅಥವಾ ಬರೇ ಭೇದಿ?"

ಊರಿಗೆ ಊರೇ ನನ್ನ ಬಾಯಿ ನೋಡುತ್ತಿತ್ತು. ವಿಜ್ಞಾನದ ಉಪನ್ಯಾಸಕಿ ನಾನು, ಮಾಹಿತಿ ಮುಚ್ಚಿಡಬಾರದು.

"ಎರಡೂ," ಎಂದೆ.

"ಸ್ವಲ್ಪ ಜೋರಾಗಿ ಹೇಳ್ರಿ," ಎಂದರು ಅಧಿಕಾರಿ. "ಹಿಂದಿನವರಿಗೆ ಕೇಳಸ್ಲಿಲ್ಲಂತ."