ಕಾಲು ತೊಳೆಯದ ತರಂಗ

ವಾದದಲ್ಲಿ ಗೆದ್ದವನಿಗೆ ಬೇಕಾದದ್ದು ಸಿಗುತ್ತದೆ ಎಂದು ನಂಬಿದ್ದವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ ಈ ನಂಬಿಕೆಯನ್ನು ನಮ್ಮೂರು ಮೇಲೂರಿನ ಒಂದು ಲೈಟುಕಂಬ ಅಲ್ಲಾಡಿಸಿಬಿಟ್ಟಿದೆ. ನಮ್ಮ ಬೀದಿಯಲ್ಲಿ ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಚಿಂತಾಮಣಿಯಲ್ಲಿರುವ ಅಕ್ಕ ಆಗ ತುಂಬುಗರ್ಭಿಣಿ; ಅಮ್ಮ ದಿನವಿಡೀ ಫೋನು ಹಿಡಿದು ತಾರಸಿಯ ನೀರಿನ ಟ್ಯಾಂಕಿಗೆ ಒರಗಿ, "ಕೆಳಗಿಳಿದಾಗ್ಲೇ ನೋವು ಬಂದ್ರೆ ಹೆಂಗಪ್ಪಾ ಗೊತ್ತಾಗೋದು?" ಎಂದು ನನ್ನನ್ನೇ ಕೇಳುತ್ತಿದ್ದಳು.

ಅಷ್ಟರಲ್ಲಿ ಫೋನ್ ಕಂಪನಿಯವರು ಬೀದಿಯ ಕಂಬಕ್ಕೆ ಟಿಫನ್ ಕ್ಯಾರಿಯರ್‌ನಷ್ಟು ಪುಟ್ಟ ಪೆಟ್ಟಿಗೆ ಕಟ್ಟುತ್ತೇವೆ, ಸಿಗ್ನಲ್ ಮನೆಯೊಳಗೇ ಬರುತ್ತದೆ ಎಂದರು. ಕರೆಂಟ್ ಆಫೀಸಿನವರು, ಮೊದಲು ಪಂಚಾಯ್ತಿ ಒಪ್ಪಲಿ ಎಂದರು. ಪಂಚಾಯ್ತಿಯವರು, ರಸ್ತೆ ಲೋಕೋಪಯೋಗಿಯವರದು ಎಂದರು. ಲೋಕೋಪಯೋಗಿಯವರು, ರಸ್ತೆ ನಮ್ಮದೇ, ಕಂಬ ನಮ್ಮದಲ್ಲ, ಕರೆಂಟ್ ಆಫೀಸಿಗೆ ಹೋಗಿ ಎಂದರು. ಗಾಣದೆತ್ತಿಗಾದರೂ ಕೊನೆಗೆ ಎಣ್ಣೆ ಕಾಣುತ್ತದೆ. ಕಂಬಕ್ಕೂ ಚರಂಡಿಗೂ ನಡುವಿನ ಗಾಳಿ ಯಾರದು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಕೊನೆಗೆ ವಿಷಯ ಗ್ರಾಮಸಭೆಗೆ ಬಂತು. ರೇಷ್ಮೆಹುಳು ಸಾಕುವ ಪಕ್ಕದ ಮನೆಯ ಮುನಿರಾಜು ಮಾವ ಎದ್ದರು. "ಹುಳ ಜ್ವರಕ್ಕೆ ಕೂತವೆ, ಪೊರೆ ಬಿಡೋ ಹೊತ್ತು. ಹುಳದ ಮನೆಗೆ ನೆಂಟರನ್ನೇ ಕಾಲು ತೊಳೀದೆ ಬಿಡಲ್ಲ ನಾವು. ಈ ತರಂಗ ಏನು ಕಾಲು ತೊಳ್ಕೊಂಡು ಬತ್ತವಾ?"

"ನಿಮ್ಮ ಜೇಬಲ್ಲಿರೋ ಫೋನು ತೊಳ್ಕೊಂಡಿದ್ಯಾ ಮಾವ?" ಎಂದೆ. ಸಭೆ ನಕ್ಕಿತು. ಅಲ್ಲಿಗೇ ಕೂತಿದ್ದರೆ ಪೆಟ್ಟಿಗೆ ಬರುತ್ತಿತ್ತು. ಆದರೆ ಎದುರಾಳಿಯ ಪರವಾಗಿ ಅವನಿಗಿಂತ ಗಟ್ಟಿ ವಾದ ಹೂಡಿ, ಆಮೇಲೆ ಅದನ್ನು ಮುರಿಯುವುದು ನನ್ನ ಅಭ್ಯಾಸ. "ವಿರೋಧಿಸೋದಾದ್ರೆ ನೆಟ್ಟಗೆ ವಿರೋಧಿಸಿ! ಕಂಬ ಒಬ್ಬರದು, ರಸ್ತೆ ಇನ್ನೊಬ್ಬರದು, ಒಪ್ಪಿಗೆ ಕೊಡೋಕೆ ಈ ಸಭೆಗೆ ಅಧಿಕಾರ ಎಲ್ಲಿದೆ ಅಂತ ಕೇಳಿ!" ಎಂದೆ. ಮುರಿಯಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಪಿಡಿಒ ಸಾಹೇಬರು, "ಒಳ್ಳೇ ಪಾಯಿಂಟ್. ಮೇಲಿನವರನ್ನ ಕೇಳೋವರೆಗೂ ಮುಂದಕ್ಕೆ ಹಾಕಿ" ಎಂದುಬಿಟ್ಟರು. ಮುನಿರಾಜು ಮಾವ ನನ್ನ ಕೈ ಹಿಡಿದು ಕುಲುಕಿದರು. "ಎಷ್ಟು ಚೆಂದಾಗಿ ಮಾತಾಡ್ದಪ್ಪಾ, ನಮ್ ಪರವಾಗಿ!"

ಹೋದ ವಾರ ಅಮ್ಮ ಅನ್ನಕ್ಕಿಡಲು ಕೆಳಗಿಳಿದಾಗಲೇ ಚಿಂತಾಮಣಿಯಿಂದ ಫೋನು ಬಂದದ್ದು. ನಮ್ಮ ಫೋನು ಸಿಗದೆ ಭಾವ ಕರೆ ಮಾಡಿದ್ದು ಬಯಲಿನ ಹಿಪ್ಪುನೇರಳೆ ತೋಟದಲ್ಲಿದ್ದ ಮುನಿರಾಜು ಮಾವನಿಗೆ. ಮಾವ ಏದುಸಿರು ಬಿಡುತ್ತಾ ಓಡಿಬಂದು, ಮಣ್ಣುಗಾಲಲ್ಲಿ ಹೊಸಿಲಿನಾಚೆಯೇ ನಿಂತು ಕೂಗಿದರು: "ಹೆಣ್ಣು ಮಗು ಕಣಮ್ಮಾ! ಇಬ್ರೂ ಚೆನ್ನಾಗವ್ರೆ!" ಆಮೇಲೆ ನನ್ನತ್ತ ತಿರುಗಿ, "ನೋಡ್ದಾ? ಪೆಟ್ಟಿಗೆ ಇಲ್ದೇನೇ ಸುದ್ದಿ ಬಂತು" ಎಂದರು.

ಇದು ಪೆಟ್ಟಿಗೆಯ ಪರವಾದ ಸಾಕ್ಷಿಯೋ ವಿರುದ್ಧದ್ದೋ? ಎರಡಕ್ಕೂ ನನ್ನಲ್ಲಿ ಸೊಗಸಾದ ವಾದಗಳಿದ್ದವು. ಒಂದನ್ನು ಆರಿಸಿಕೊಂಡು ಬಾಯಿ ತೆರೆದೆ; ಅಮ್ಮ ಅದರ ತುಂಬ ಸಕ್ಕರೆ ಸುರಿದಳು. ಮೊಮ್ಮಗಳು ಹುಟ್ಟಿದ ಖುಷಿಗೋ, ನನ್ನ ಬಾಯಿ ಮುಚ್ಚಿಸುವುದಕ್ಕೋ, ಈವರೆಗೂ ಗೊತ್ತಾಗಿಲ್ಲ.